ಮಕ್ಕಿಯೊಳಗಿನ ಕೀಲು

ಅಕ್ಕಿಕಾಳಿಗಿಂತ ದಪ್ಪವಿಲ್ಲದ, ಹೆಬ್ಬೆರಳ ಉಗುರಿನಷ್ಟು ಉದ್ದವೂ ಇಲ್ಲದ ಒಂದು ಕೀಲು ನನ್ನನ್ನು ಮೂರು ದಿನ ಕೂಡಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಊಟಕ್ಕೆ ಕೂತರೆ ಬೆರಳು ತಾನಾಗಿ ತಾಟಿನ ಅಂಚಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಹೆಂಡತಿ ಬುಟ್ಟಿಯಿಂದ ರೊಟ್ಟಿ ತೆಗೆದು ಹಾಕುತ್ತ, "ಭಜನಿ ನಡಸೀರೇನ್ರಿ? ಹಂಗಿದ್ರ ಹೇಳ್ರಿ, ನಾನೂ ತಾಳ ತರ್ತೀನಿ" ಅಂದಳು. ನಗು ಬರಲಿಲ್ಲ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದು ಮತ್ತೆ ಅಂಗಡಿಗೆ ಬಂದೆ.

ನಮ್ಮ ಅಂಗಡಿ ಗೋಕಾಕದ ಪೇಟೆಯ ಕೊನೆಗೆ, ಗೊಂಬೆ ಮಾಡುವವರ ಓಣಿಗೆ ಬೆನ್ನು ಹಚ್ಚಿಕೊಂಡು ಇತ್ತು. ಬೀಗ, ತಕ್ಕಡಿ, ಹೊಲಿಗೆಯಂತ್ರ, ಕೊಣ್ಣೂರಿನ ಕಡೆಯ ಗಾಣಗಳ ಹಲ್ಲುಚಕ್ರ, ಹೀಗೆ ಕಬ್ಬಿಣದ್ದು ಯಾವುದು ಮುನಿಸಿಕೊಂಡರೂ ಅಲ್ಲಿಗೇ ಬರುತ್ತಿತ್ತು. ಬಂದೂಕುಗಳೂ ಬರುತ್ತಿದ್ದವು. ಅವುಗಳನ್ನು ಮುಟ್ಟಲು ಸರಕಾರ ಕೊಟ್ಟ ಪರವಾನಿಗೆಯ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದೆವು. ಮಳೆಗಾಲದಲ್ಲಿ ಅದರ ಗಾಜಿನ ಒಳಗೆ ಇರುವೆ ಸಾಲುಗಟ್ಟುತ್ತಿದ್ದವು.

ಅಪ್ಪ ಬೇಗ ತೀರಿಕೊಂಡದ್ದರಿಂದ ನಾನು ಕಸುಬನ್ನೂ ಮಾತನ್ನೂ ಕಲಿತದ್ದು ಮುತ್ಯಾನಿಂದ, ಅಂದರೆ ಅಪ್ಪನ ಅಪ್ಪನಿಂದ. ನಾನು ಹೇಳುತ್ತಿರುವ ಕಾಲಕ್ಕೆ ನನಗೆ ಮೂವತ್ತಾಗಿತ್ತು, ಅವನಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿ ಕೈ ನಡುಗುತ್ತಿದ್ದರೂ ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಬಂದು ಕೂಡದಿದ್ದರೆ ಅವನಿಗೆ ಹೊತ್ತು ಹುಟ್ಟುತ್ತಿರಲಿಲ್ಲ. ನಾನು ಒಳಗೆ ಯಾವ ಅರ ಹಿಡಿದಿದ್ದೇನೆ, ಎಷ್ಟು ಒತ್ತುತ್ತಿದ್ದೇನೆ ಎಂಬುದನ್ನು ಹೊರಗೆ ಕೂತೇ ಸಪ್ಪಳದಿಂದ ಹೇಳುತ್ತಿದ್ದ. "ಗಂಧ ತೇಯ್ಯಾಕತ್ತೀಯೋ, ಉಕ್ಕ ತೇಯ್ಯಾಕತ್ತೀಯೋ?" ಎಂದು ಅವನು ಕೂಗಿದನೆಂದರೆ ನನ್ನ ಕೈ ಸಡಿಲವಾಗಿದೆ ಎಂದೇ ಅರ್ಥ.

ಅದೊಂದು ಶುಕ್ರವಾರ. ಹತ್ತರಗಿಯ ಬಾಜೂದ ಒಂದು ಹಳ್ಳಿಯಿಂದ ಗೌಡರ ಮನೆಯ ಕಿರಿಯವನು ಬಂದ. ಅವನನ್ನು ಎಲ್ಲರೂ ಸಣ್ಣಗೌಡ ಅನ್ನುತ್ತಿದ್ದರು. ಸುಮಾರು ನನ್ನದೇ ವಯಸ್ಸು, ತಲೆಗೆ ಕೆಂಪು ರುಮಾಲು, ಕಾಲಲ್ಲಿ ಕಿರಕಿರ ಸದ್ದು ಮಾಡುವ ಹೊಸ ಚಪ್ಪಲಿ. ಕಂಬಳಿಯಲ್ಲಿ ಸುತ್ತಿ ತಂದಿದ್ದ ರೈಫಲ್ಲನ್ನು ಮೇಜಿನ ಮೇಲೆ ಇಡುವಾಗ ಮಲಗಿದ ಕೂಸನ್ನು ಇಡುವ ಹಾಗೆ ಇಟ್ಟ.

"ಮಕ್ಕಿ ವಾಲೇತ್ರಿ. ಸೋಮವಾರ ಮುಂಜಾನೆ ಹುಕ್ಕೇರಿ ಕಚೇರಿಯೊಳಗ ತೋರಸಬೇಕ. ಹೊಸ ಸಾಹೇಬ ಬಂದಾನಂತ. ನೆಟ್ಟಗ ಹೊಡೀಲಾರದ ಬಂದೂಕ ಬಂದೂಕ ಅಲ್ಲ, ಜಮಾ ಮಾಡ್ಕೊಳ್ರಿ ಅಂತಾನಂತ."

ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಸಣ್ಣ ಉಕ್ಕಿನ ಎಲೆ ಎದ್ದು ನಿಂತಿರುತ್ತದೆ. ದೂರದಿಂದ ನೊಣ ಕೂತಂತೆ ಕಾಣುವುದರಿಂದ ನಮ್ಮ ಕಡೆ ಅದಕ್ಕೆ ಮಕ್ಕಿ ಎಂದೇ ಹೆಸರು. ಅದು ಕೂದಲೆಳೆಯಷ್ಟು ಎಡಕ್ಕೆ ವಾಲಿದರೂ ಗುಂಡು ಬಲಕ್ಕೆ ಮೊಳದಷ್ಟು ಹೋಗುತ್ತದೆ. ಈ ರೈಫಲ್ಲಿನದು ಕೂದಲೆಳೆಯಷ್ಟಲ್ಲ, ಕುಡಿದವನ ಹಾಗೆ ವಾಲಿತ್ತು. ಮನೆಗೆ ಸುಣ್ಣ ಬಳಿಯುವಾಗ ಗೋಡೆಯ ಗೂಟದಿಂದ ಬಿದ್ದಿತಂತೆ. ಎಲೆಯನ್ನು ಹಾಗೆಯೇ ಬಗ್ಗಿಸಿದರೆ ಮುರಿಯುವ ಭಯ. ಅದನ್ನು ಅಡ್ಡಲಾಗಿ ಹಿಡಿದಿರುವ ಕೀಲನ್ನು ಹೊರಗೆ ತಟ್ಟಿ, ಎಲೆ ಬಿಚ್ಚಿ, ನೆಟ್ಟಗೆ ಮಾಡಿ, ಮತ್ತೆ ಕೂಡಿಸಬೇಕು. ಒಂದು ತಾಸಿನ ಕೆಲಸ.

ಆದರೆ ಕೀಲು ಕಾಣಿಸಲಿಲ್ಲ. ಮಕ್ಕಿಯ ಬುಡದ ಎರಡೂ ಬದಿಗೆ ಗಟ್ಟಿಯಾದ ಕರಿಗೆಂಪು ಹೆಪ್ಪು ಕೂತಿತ್ತು. ಉಗುರಿನಿಂದ ಮೀಟಿದೆ. ಎಣ್ಣೆಯಲ್ಲಿ ಕಲೆಸಿದ ಕುಂಕುಮ, ವರ್ಷದ ಮೇಲೆ ವರ್ಷ ಹಚ್ಚಿ ಕಲ್ಲಾದದ್ದು.

"ಇದನ್ನ ಕೆರೀಬೇಕಾಗ್ತೈತಿ" ಅಂದೆ.

ಸಣ್ಣಗೌಡ ನನ್ನ ಕೈಯನ್ನೇ ಹಿಡಿದುಬಿಟ್ಟ. "ಅದೊಂದ ಬ್ಯಾಡ್ರಿ. ಅದು ನಮ್ಮ ವೈನಿ ಹಚ್ಚಿದ್ದು."

ಆಮೇಲೆ ಹೇಳಿದ. ರೈಫಲ್ಲು ಅವನ ಅಣ್ಣನದು. ಮೊದಲ ದೊಡ್ಡ ಯುದ್ಧದಲ್ಲಿ ಅಣ್ಣ ದಂಡಿಗೆ ಸೇರಿ ಹಡಗು ಹತ್ತಿ ಬಸ್ರಾ ಕಡೆಗೆ ಹೋದ. ಎರಡು ಕಾಗದ ಬಂದವು. ಮೂರನೆಯದು ಬರಲಿಲ್ಲ. ಸತ್ತನೆಂಬ ಕಾಗದವೂ ಬರಲಿಲ್ಲ. ಹದಿನೆಂಟು ವರ್ಷವಾಗಿತ್ತು. ಲೈಸೆನ್ಸು ತಮ್ಮನ ಹೆಸರಿಗೆ ಆಯಿತು, ಜಮೀನು ತಮ್ಮನ ಕೈಗೆ ಬಂತು, ಆದರೆ ವೈನಿ, ಅಂದರೆ ಆ ಅಣ್ಣನ ಹೆಂಡತಿ, ಹಣೆಯ ಕುಂಕುಮ ತೆಗೆಯಲಿಲ್ಲ. ತೆಗೆ ಅನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಪ್ರತಿ ವರ್ಷ ಖಂಡೆಪೂಜೆಯ ದಿನ ಮನೆಯ ಆಯುಧಗಳಿಗೆಲ್ಲ ಪೂಜೆಯಾಗುವಾಗ ಕುಡಗೋಲಿಗೂ ಕೊಡಲಿಗೂ ಮನೆಯವರು ಯಾರಾದರೂ ಹಚ್ಚುತ್ತಿದ್ದರು. ರೈಫಲ್ಲಿಗೆ ಮಾತ್ರ ಅವಳೇ. ಅದೂ ಮಕ್ಕಿಗೇ. ಬಂದೂಕಿನ ಹಣೆ ಅದು ಎಂದು ಅವಳ ಲೆಕ್ಕ.

"ಹಂಗಾರ ಅವರನ್ನ ಕೇಳಿ ಬರ್ರಿ."

"ಏನಂತ ಕೇಳಲಿ? ಬಿತ್ತು ಅಂತನ ಹೇಳಿಲ್ಲ. ಎಣ್ಣಿ ಹಾಕ್ಸಾಕ ಒಯ್ತೀನಿ ಅಂತ ಹೇಳಿ ತಂದೇನಿ. ಬಂದೂಕ ಜಮಾ ಆತು ಅಂದ್ರ ಆಕಿ ಅನ್ನ ಬಿಡ್ತಾಳ್ರಿ. ಇರೂದು ಅದೊಂದ. ಅವರ ಫೋಟೋ ಸುದ್ಧಾ ಇಲ್ಲ ನಮ್ಮ ಮನ್ಯಾಗ."

 ಬಂದೂಕು ನೆಟ್ಟಗಾಗದಿದ್ದರೆ ಸೋಮವಾರ ಅದು ಕಚೇರಿಯ ಕತ್ತಲೆ ಕೋಣೆ ಸೇರುತ್ತದೆ. ನೆಟ್ಟಗೆ ಮಾಡಲು ಕುಂಕುಮ ಕೆರೆಯಬೇಕು. ಮಾತಾಡಿ ಮಾತಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಒಂದೇ ಬದಿಗೆ, ಕಡಲೆಕಾಳಿನಷ್ಟು ಜಾಗ ಮಾತ್ರ ಬಿಡಿಸುವುದು. ಕೆಲಸವಾದ ಮೇಲೆ ಅಷ್ಟಕ್ಕೆ ಎಣ್ಣೆ ಕುಂಕುಮ ತುಂಬಿ ಮುಚ್ಚಿಬಿಡುವುದು.

ಯಾವ ಬದಿಗೆ ಎಂಬುದನ್ನು ನಾನು ಯೋಚಿಸಲೂ ಇಲ್ಲ. ಇಂಥ ಕೀಲುಗಳು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುತ್ತವೆ. ಸಣ್ಣ ತುದಿಯ ಮೇಲೆ ತಟ್ಟಿದರೆ ಹೊರಗೆ ಬರುತ್ತವೆ, ದಪ್ಪ ತುದಿಯ ಮೇಲೆ ತಟ್ಟಿದರೆ ಇನ್ನಷ್ಟು ಬಿಗಿಯುತ್ತವೆ. ನಮ್ಮ ಮನೆತನದಲ್ಲಿ ಕೀಲನ್ನು ಯಾವಾಗಲೂ ಬಲಗಡೆಯಿಂದ ಕೂಡಿಸುತ್ತಿದ್ದೆವು. ಬಂಡಿಯ ಕೀಲಾಗಲಿ, ಬಾಗಿಲ ಕೀಲಾಗಲಿ, ಬಂದೂಕಿನದಾಗಲಿ. ಮುತ್ಯಾನ ಮುತ್ಯಾ ಹಾಗೆ ಮಾಡಿದ್ದನಂತೆ. ಅಜ್ಜ ಕೂಡಿಸಿದ್ದನ್ನು ಮೊಮ್ಮಗ ಕಣ್ಣು ಮುಚ್ಚಿ ತೆಗೆಯುವಂತಿರಬೇಕು ಎಂಬುದು ಅದರ ಹಿಂದಿನ ವಿಚಾರ. ಬಲಗೈಯಲ್ಲಿ ಸುತ್ತಿಗೆ ಹಿಡಿಯುವ ಯಾರಿಗಾದರೂ ಅದೇ ಸಲೀಸು. ಹಾಗೆ ಕೂಡಿಸಿದ ಕೀಲಿನ ಸಣ್ಣ ತುದಿ ಎಡಕ್ಕಿರುತ್ತದೆ. ಹಾಗಾಗಿ ನಳಿಗೆಯ ಬಾಯಿ ಮುಂದೆ ಮಾಡಿ ಹಿಡಿದು, ಎಡಬದಿಯ ಕುಂಕುಮವನ್ನು ಸೂಜಿಯಿಂದ ಬಿಡಿಸಿದೆ. ಕೀಲಿನ ತುದಿ ಚುಕ್ಕಿಯಂತೆ ಕಾಣಿಸಿತು.

"ಎಡಕ್ಕೇನೋ?" ಎಂದು ಹೊರಗಿನಿಂದ ಮುತ್ಯಾ ಕೇಳಿದ.

"ಎಡಕ್ಕ ಮುತ್ಯಾ."

"ಹೊಡಿ ಹಂಗಾರ."

ಗೊಂಬೆಯವರ ಓಣಿಯಿಂದ ಹಗುರ ಕಟ್ಟಿಗೆಯ ಎರಡು ತುಂಡು ತಂದು, ನಳಿಗೆಗೆ ಗೀರು ಬೀಳದಂತೆ ಅವುಗಳ ನಡುವೆ ಇಟ್ಟು ಮೇಜಿಗೆ ಜೋಡಿಸಿದ ಕಬ್ಬಿಣದ ಇಕ್ಕಳವಾದ ವೈಸಿನ ದವಡೆಗೆ ಬಿಗಿದೆ. ಪಂಚು ಎಂಬ ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ಚುಕ್ಕಿಯ ಮೇಲೆ ನಿಲ್ಲಿಸಿ ತಟ್ಟಿದೆ. ಟಕ್. ಅಲುಗಲಿಲ್ಲ. ಮತ್ತೆ ತಟ್ಟಿದೆ. ಸೀಮೆಎಣ್ಣೆ ಬಿಟ್ಟು ಒಂದು ತಾಸು ಕಾದು ತಟ್ಟಿದೆ. ಕಾಸಿ ನೋಡೋಣವೆಂದರೆ ಕುಂಕುಮ ಸುಟ್ಟೀತು. ಹೊತ್ತು ಮುಳುಗುವವರೆಗೆ ತಟ್ಟಿದೆ. ಸಣ್ಣಗೌಡ ಚಪ್ಪಲಿ ಕಿರಕಿರ ಮಾಡುತ್ತ ಒಳಗೂ ಹೊರಗೂ ತಿರುಗಿದ. ಅವನು ನಿಂತಾಗ ನಾನು ತಿರುಗಿದೆ.

ಮುತ್ಯಾ ಹೊರಗೆ ಕಿವಿಗೊಟ್ಟು ಕೂತಿದ್ದ. ಕೊನೆಗೆ, "ಸಪ್ಪಳ ಸಣ್ಣ ಆಗಾಕತ್ತೈತಲೋ" ಅಂದ.

"ಸಡಲ ಆಗಾಕತ್ತಿರಬೇಕು."

 ಅವನ ತುಟಿ ಅಲುಗಿದ್ದು ಕಂಡಿತು. ಏನೋ ಹೇಳಲು ಹೋಗಿ ನುಂಗಿದ ಎಂದು ಈಗ ಅನ್ನಿಸುತ್ತದೆ. ಸಪ್ಪಳ ಸಣ್ಣಗಾದರೆ ಲೋಹ ಬಿಗಿಯುತ್ತಿದೆ ಎಂದು ನನಗೆ ಕಲಿಸಿದವನು ಅವನೇ.

ಶನಿವಾರ ಕೀಲನ್ನು ಕೊರೆದೇ ತೆಗೆಯುವುದೆಂದು ನಿಶ್ಚಯಿಸಿದೆ. ಅಷ್ಟು ಸಣ್ಣ ಬೈರಿಗೆ ನನ್ನಲ್ಲಿರಲಿಲ್ಲ. ಮೂಡಲಗಿಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಗೆಳೆಯನಿದ್ದ. ಸೈಕಲ್ ಹತ್ತಿ ಬೆಳಿಗ್ಗೆಯೇ ಹೊರಟೆ. ದಾರಿಯುದ್ದಕ್ಕೂ ಜೋಳದ ಹೊಲ, ಬೆಳ್ಳನೆಯ ಧೂಳು. ಅಲ್ಲಲ್ಲಿ ಕುರುಬರ ಕುರಿಗಳು ದಾರಿ ಬಿಡದೆ ನಿಂತವು. ಗಂಟೆ ಬಾರಿಸಿ ಬಾರಿಸಿ ಹೆಬ್ಬೆರಳು ನೋಯತೊಡಗಿತು. ಕುರುಬನೊಬ್ಬ, "ಯಾಕೋ ಮಾರಾಯಾ, ಬೆನ್ನಿಗೆ ಬೆಂಕಿ ಹತ್ತೇತೇನ? ಕುರಿಗೇನ ತಿಳಿತೈತಿ ನಿನ್ನ ಅವಸರ?" ಅಂದ. ಇಳಿದು ಸೈಕಲ್ ತಳ್ಳಿಕೊಂಡು ಅವುಗಳ ನಡುವೆ ನಡೆದೆ. ನಡೆಯುವಾಗಲೂ ಕೈ ಹ್ಯಾಂಡಲ್ಲಿನ ಮೇಲೆ ತಟ್ಟುತ್ತಲೇ ಇತ್ತು.

ಗಡಿಯಾರದ ಗೆಳೆಯ ಕಣ್ಣಿಗೆ ಸಿಗಿಸಿದ ಭೂತಗಾಜು ತೆಗೆಯದೆಯೇ ನನ್ನನ್ನು ನೋಡಿದ. "ಬಂದೂಕದೊಳಗ ನನ್ನ ಬೈರಿಗಿ ಹಾಕ್ತಿ? ಇದು ಹೆಣ್ಣಮಕ್ಕಳ ಕೈಗಡಿಯಾರಕ್ಕ ಇಟ್ಟಿದ್ದು. ಮುರದ್ರ?"

"ಮೊಳಿ ಮೆತ್ತಗಿನ ಕಬ್ಬಿಣ ಇರತೈತಿ. ಮುರಿಯೂದಿಲ್ಲ."

"ನೀ ಹೋಗಿ ಮುರಕೊಂಡ ಬಾ. ಬಂದ ಮ್ಯಾಲ ಮಾತಾಡೋಣು" ಎಂದು ಕಾಗದದಲ್ಲಿ ಸುತ್ತಿ ಕೊಟ್ಟ. ಚಹಾ ತರಿಸುತ್ತೇನೆ ಅಂದ. ನಾನು ನಿಲ್ಲಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಗೋಕಾಕಕ್ಕೆ ಬಂದು ಬೈರಿಗೆ ಇಟ್ಟೆ. ಮೂರು ಸುತ್ತು ತಿರುಗಿತು. ಕೀಲಿನ ಮೇಲೆ ಒಂದು ಗೀರೂ ಬೀಳಲಿಲ್ಲ. ನಾಲ್ಕನೆಯ ಸುತ್ತಿಗೆ ಬೈರಿಗೆ ಟಿಣ್ ಎಂದು ಎರಡು ತುಂಡಾಯಿತು. ಮೆತ್ತಗಿನ ಕಬ್ಬಿಣವಲ್ಲ ಅದು, ಪಕ್ಕಾ ಉಕ್ಕು. ಮಕ್ಕಿಯ ಕೀಲಿಗೆ ಇಂಥ ಉಕ್ಕನ್ನು ಯಾವ ಕಾರಖಾನೆಯವರು ಹಾಕುತ್ತಾರೆ ಎಂದು ತಲೆ ಕೆರೆದುಕೊಂಡೆ. ಸಿಟ್ಟಿನಲ್ಲಿ ದೊಡ್ಡ ಸುತ್ತಿಗೆ ತೆಗೆದು ಎರಡು ಏಟು ಹಾಕಿದೆ. ಕೀಲಿನ ತುದಿ ಅಣಬೆಯ ಹಾಗೆ ಅಗಲವಾಯಿತು. ಆಗ ಮಾತ್ರ ಸುತ್ತಿಗೆ ಕೆಳಗಿಟ್ಟು ಕೈ ಕಟ್ಟಿಕೊಂಡು ನಿಂತೆ.

ಪೇಟೆಯ ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದ ಸಣ್ಣಗೌಡ ಅಂದು ಸಂಜೆ ಬಂದು ನೋಡಿದ. ಏನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಾಳೆ ಒಂದ ದಿನ ಐತೆಲ್ರಿ" ಅಂದ. ಅವನ ಹೊಸ ಚಪ್ಪಲಿ ಕೂಡ ಸದ್ದು ಮಾಡಲಿಲ್ಲ. ಎರಡು ದಿನಗಳ ತಿರುಗಾಟಕ್ಕೆ ಮೆತ್ತಗಾಗಿತ್ತೋ ಏನೋ.

ಭಾನುವಾರ ಬೆಳಿಗ್ಗೆ ಸರ್ವಿಸ್ ಮೋಟಾರು ಬಂದು ಹೋದ ಅರ್ಧ ತಾಸಿಗೆ ಒಬ್ಬ ಹೆಣ್ಣುಮಗಳು ಅಂಗಡಿಯ ಮುಂದೆ ಬಂದು ನಿಂತಳು. ನಲವತ್ತರ ಹತ್ತಿರ. ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿಯ ಕೆಳಗೆ ಕಾಸಿನಗಲ ಕುಂಕುಮ. ಸಣ್ಣಗೌಡ ಮೂಲೆಯಲ್ಲಿದ್ದ ಹೊಲಿಗೆಯಂತ್ರದ ಹಿಂದೆ ಸರಿದ. ಸರಿದರೂ ಅವನ ಕೆಂಪು ರುಮಾಲು ಮೇಲೆ ಕಾಣುತ್ತಿತ್ತು.

"ಮರೀಗಿ ಸರದ್ರ ಆತೇನಪಾ ಮೈದನಾ? ಮೂರ ದಿನ ಆತು ಎಣ್ಣಿ ಹಾಕಾಕ. ಎಣ್ಣಿ ಗಾಣಕ್ಕ ಹೋಗಿ ತರ್ಸಿರೇನ?" ಅಂದಳು. ನನ್ನ ಕಡೆ ತಿರುಗಿ, "ಗೋಕಾಕದಾಗ ಬಂದೂಕದ ಡಾಕ್ಟರ ಅಂದ್ರ ನೀವ ಏನು? ಎಲ್ಲೈತಿ ಪೇಶಂಟ?"

ನಾನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ವೈಸಿನ ಮೇಲೆ ಬಿತ್ತು. ಹತ್ತಿರ ಬಂದು ಬಗ್ಗಿ ನೋಡಿದಳು. ವಾಲಿದ ಮಕ್ಕಿ, ಕೆರೆದ ಕುಂಕುಮ, ಅಣಬೆಯಾದ ಕೀಲು, ಪಕ್ಕದಲ್ಲಿ ಮುರಿದ ಬೈರಿಗೆ.  ನನ್ನ ಬೆರಳು ಮೇಜಿನ ಮೇಲೆ ತಟ್ಟುತ್ತಿತ್ತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ.

"ಅವ್ವಾರ, ಸೋಮವಾರ ತೋರಸದಿದ್ರ ಜಮಾ ಮಾಡ್ಕೋತಾರಂತ..." ಎಂದು ಶುರುಮಾಡಿ ನಾನೇ ಎಲ್ಲವನ್ನೂ ಹೇಳಿದೆ. ಗೂಟದಿಂದ ಬಿದ್ದದ್ದು, ಕಡಲೆಕಾಳಿನಷ್ಟು ಕೆರೆದದ್ದು, ಮುಚ್ಚಿಡಬೇಕೆಂದಿದ್ದದ್ದು. ಸಣ್ಣಗೌಡ ರುಮಾಲು ಇನ್ನಷ್ಟು ಕೆಳಗೆ ಇಳಿಸಿದ.

ಅವಳು ಪೂರ್ತಿ ಕೇಳಿ, "ಈ ಉಕ್ಕ ಇಷ್ಟ ಗಟ್ಟಿ ಯಾಕೈತಿ ಗೊತ್ತೈತೇನು?" ಅಂದಳು.

"ಅದ ತಿಳೀವಲ್ದು."

"ಅದು ನನ್ನ ದಬ್ಬಣ."

ಹೊರಗೆ ಕೂತಿದ್ದ ಮುತ್ಯಾ ಕೋಲು ಊರಿಕೊಂಡು ಎದ್ದು ಒಳಗೆ ಬಂದ.

ಅವಳು ಹೇಳಿದ ಸಂಗತಿ ಇಷ್ಟು. ಗಂಡ ಯುದ್ಧಕ್ಕೆ ಹೋಗುವ ಎಂಟು ದಿನ ಮೊದಲು ಈ ಮಕ್ಕಿಯ ಕೀಲು ಎಲ್ಲೋ ಬಿದ್ದುಹೋಗಿತ್ತು. ಅವಳು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದಳು. ಅವನು ಬಂದು ಅವಳ ಕೈಯಿಂದಲೇ ದಬ್ಬಣ ಕಸಿದುಕೊಂಡು, ದಾರ ಪೋಣಿಸುವ ಕಣ್ಣಿನ ಕೆಳಗೆ ಅದನ್ನು ಮುರಿದು, ಅರದಿಂದ ತಿಕ್ಕಿ ಕೀಲು ಮಾಡಿದ. ಅದು ಅವಳ ತವರಿನಿಂದ ತಂದ ದಬ್ಬಣ. ಜಗಳವಾಯಿತು. ಗೋಕಾಕದ ಪೇಟೆಯಿಂದ ಬೇರೆ ತಂದುಕೊಡುತ್ತೇನೆ ಅಂದನಂತೆ.

"ತಂದ್ರೇನ್ರಿ?" ಅಂದೆ, ತಿಳಿಗೇಡಿಯ ಹಾಗೆ.

"ಎಲ್ಲಿ ತರ್ತಾರ. ಎಂಟ ದಿನದಾಗ ಐದ ದಿನ ನಾ ಮಾತಾಡಲಿಲ್ಲ. ಉಳದ ಮೂರ ದಿನ ಮನಿ ತುಂಬ ಮಂದಿ." ಇಷ್ಟು ಹೇಳಿ ಮತ್ತೆ ಬಗ್ಗಿ ಕೀಲನ್ನು ನೋಡಿದಳು. "ಅದಿರ್ಲಿ. ಈ ಬಾಜೂದಿಂದ ಯಾಕ ಹೊಡದೀರಿ?"

"ಎಡದಿಂದಲ್ಲೇನ ಹೊಡೀಬೇಕಾದ್ದು? ಬಲದಿಂದ ಕೂಡಸ್ತಾರ ಎಲ್ಲಾರೂ."

"ಎಲ್ಲಾರೂ ಕೂಡಸ್ಲಿ. ಅವರು ಎಡಚರು."

ಮುತ್ಯಾ ಕೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದ. ಸಣ್ಣಗೌಡ ಯಂತ್ರದ ಹಿಂದಿನಿಂದ ಎದ್ದು ನಿಂತ.

"ಊಟ ಬಲಗೈಲೆ, ದೇವರಿಗೆ ಕೈ ಮುಗಿಯೂದು ಎರಡೂ ಕೈಲೆ. ಉಳದದ್ದೆಲ್ಲಾ ಎಡಗೈಲೆ" ಎಂದು ಅವಳು ಬೆರಳು ಮಡಚುತ್ತ ಹೇಳಿದಳು. "ಮಾವನವರು ಬೈತಾರಂತ ಮಂದಿ ಮುಂದ ಮಾಡ್ತಿರಲಿಲ್ಲ. ಈ ಬಂದೂಕದ ಬುಡ ನಾನ ಹಿಡಿದಿದ್ದೆ ಆವತ್ತ. ಸಿಟ್ಟಿನ್ಯಾಗನ ಹಿಡಿದಿದ್ದೆ. ಎಡಗೈಯಾಗ ಸುತ್ತಿಗಿ ಹಿಡದು ಈ ಬಾಜೂದಿಂದ ಹೊಡದ್ರು. ನೀವು ಎರಡ ದಿನ ಒಳಗ ದೂಡೀರಿ ಅದನ್ನ."

"ನಿನಗ ಗೊತ್ತಿರಲಿಲ್ಲೇನ?" ಎಂದು ನಾನು ಸಣ್ಣಗೌಡನ ಮೇಲೆ ಹರಿಹಾಯ್ದೆ.

"ಎಡಚ ಅನ್ನೂದ ಗೊತ್ತಿತ್ರಿ. ಚಿನ್ನಿದಾಂಡಿನ್ಯಾಗ ಎಡಗೈಲೇ ಹೊಡೀತಿದ್ದ. ಆದ್ರ ಮೊಳಿಗೂ ಅದಕ್ಕೂ..." ಎಂದು ನಿಲ್ಲಿಸಿದ.

ನಾನು ಮುತ್ಯಾನ ಮುಖ ನೋಡಿದೆ. "ಸಪ್ಪಳ ಬಿಗಿ ಆಗಾಕತ್ತಿತ್ತು" ಅಂದ ಅವನು, ತಗ್ಗಿದ ದನಿಯಲ್ಲಿ. "ಹೇಳಬೇಕಂದೆ. ನನ್ನ ಬಾಯಿಲೇ ನನ್ನ ರೂಢಿ ತಪ್ಪಂತ ಹೆಂಗ ಹೇಳಲಿ?"

ಇನ್ನು ಉಳಿದದ್ದು ಬಲಬದಿಯ ಕುಂಕುಮ. ಅದನ್ನು ಕೆರೆಯದೆ ಸಣ್ಣ ತುದಿ ಸಿಗುವುದಿಲ್ಲ. ಸೂಜಿ ಕೈಯಲ್ಲಿ ಹಿಡಿದುಕೊಂಡು ನಿಂತೆ. ಇತ್ತ ಬಾಗಿಲ ಹೊರಗೆ ಬಿಸಿಲು ಏರುತ್ತಿತ್ತು. ಸಂಜೆಯ ಮೋಟಾರು ಹತ್ತಿದರೆ ಮಾತ್ರ ಅವರು ಸೋಮವಾರ ಬೆಳಿಗ್ಗೆ ಹುಕ್ಕೇರಿ ಮುಟ್ಟಬಹುದಿತ್ತು.

"ಕೊಡ್ರಿ ಇತ್ತ" ಎಂದು ಅವಳೇ ಸೂಜಿ ತೆಗೆದುಕೊಂಡಳು. ಕೌದಿ ಹೊಲಿಯುವ ಕೈ; ನನ್ನ ಹಾಗೆ ಚುಚ್ಚಲಿಲ್ಲ, ಅಂಚಿನಿಂದ ಎತ್ತಿದಳು. ಹದಿನೆಂಟು ವರ್ಷದ ಕುಂಕುಮ ಒಂದೇ ಬಿಲ್ಲೆಯಾಗಿ, ಹುಣಸೆಬೀಜದ ಸಿಪ್ಪೆಯ ಹಾಗೆ ಎದ್ದು ಬಂತು. ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಸಣ್ಣಗೌಡ ಬೇರೆ ಕಡೆ ಮುಖ ತಿರುಗಿಸಿದ.

"ಯಾಕ ಮಾರಿ ಹಂಗ ಮಾಡ್ತಿ? ನಾ ಹಚ್ಚಿದ್ದು, ನಾ ತಗದೆ. ನಾಳೆ ಮತ್ತ ಹಚ್ತೀನಿ" ಅಂದಳು. ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೊದಲು ಎಡಬದಿಯ ಅಣಬೆಯನ್ನು ಅರದಿಂದ ತೇಯ್ದು ಸಮ ಮಾಡಿದೆ. ನಳಿಗೆ ತಿರುಗಿಸಿ ಬಿಗಿದು, ಬಲಬದಿಯ ಸಣ್ಣ ಚುಕ್ಕಿಯ ಮೇಲೆ ಪಂಚು ಇಟ್ಟೆ.  ಎರಡು ದಿನ ನಾನೇ ಒಳಗೆ ದೂಡಿದ್ದು, ಇಷ್ಟಕ್ಕೆ ಬಂದೀತೇ? ಮೊದಲ ಏಟಿಗೆ ಟಕ್. ಎರಡನೆಯದಕ್ಕೂ ಟಕ್. ಮೂರನೆಯದಕ್ಕೆ ಸಪ್ಪಳ ದಪ್ಪವಾಯಿತು. ಮುತ್ಯಾ, "ಹಾಂ" ಅಂದ. ನಾಲ್ಕನೆಯ ಏಟಿಗೆ ಕೀಲು ಹಾರಿಹೋಯಿತು.

ಎಲ್ಲಿಗೆ ಹಾರಿತೋ ಯಾರೂ ನೋಡಲಿಲ್ಲ. ಅರದ ಪುಡಿ, ಸೌದೆಯ ಸಿಪ್ಪೆ, ಹಳೆಯ ತಿರುಪುಮೊಳೆ ತುಂಬಿದ ನೆಲ. ಸಣ್ಣಗೌಡ ರುಮಾಲು ತೆಗೆದಿಟ್ಟು ಮೊಣಕಾಲೂರಿದ. ನಾನೂ ಊರಿದೆ. ಇಬ್ಬರ ತಲೆ ಮೇಜಿನ ಕೆಳಗೆ ಢಿಕ್ಕಿ ಹೊಡೆದವು. "ಗೂಳಿ ಕಾಳಗ ಆಮ್ಯಾಲ ಆಡ್ರಿ" ಅಂದಳು ಅವಳು, ನಗುತ್ತಿದ್ದಳೋ ಇಲ್ಲವೋ ಕೆಳಗಿನಿಂದ ಕಾಣಲಿಲ್ಲ. ಕೊನೆಗೆ ಮುತ್ಯಾ ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆದಾಡಿದ. ಕಾಣದ ಕಣ್ಣಿನವನ ಕೈಗೇ ಅದು ಸಿಕ್ಕಿತು. ಪುಡಿಯ ಗಡ್ಡದ ನಡುವೆ ಕೀಲು.

ಅವಳು ಅದನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ದಪ್ಪ ತುದಿಯ ಹತ್ತಿರ ಉದ್ದಕ್ಕೆ ಒಂದು ಗೀರು ಇನ್ನೂ ಇತ್ತು. ದಬ್ಬಣದ ಕಣ್ಣಿನ ಕೆಳಗೆ ನೂಲು ಕೂರಲೆಂದು ಇರುವ ಗೀರು. ಅದರ ಮೇಲೆ ಉಗುರು ಆಡಿಸಿದಳು. ನಾನು ಮಕ್ಕಿಯ ಎಲೆಯನ್ನು ಬಿಚ್ಚಿ ಕಾಸಿ ನೆಟ್ಟಗೆ ಮಾಡುವ ಕೆಲಸಕ್ಕೆ ಹತ್ತಿದೆ. ಅದಕ್ಕೆ ಒಂದು ತಾಸೂ ಹಿಡಿಯಲಿಲ್ಲ.

"ಹೊಸಾ ಕೀಲ ಮಾಡಿ ಹಾಕ್ತೀನ್ರಿ" ಅಂದೆ. "ಇದರ ತಲಿ ನಾ ಕೆಡಿಸೀನಿ. ಇದನ್ನ ನೀವು ಇಟ್ಕೊಳ್ರಿ."

ಅವಳು ಕೀಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಇಟ್ಟುಕೊಳ್ಳುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡೆವು. ನಾನು ಡಬ್ಬಿಯಿಂದ ಬೇರೆ ತಂತಿ ತೆಗೆದು ಅಳೆಯಲೂ ತೊಡಗಿದ್ದೆ.

"ಬಿಗಿ ಕೂಡತೈತೇನು ಇದು?"

"ಕೂಡತೈತಿ. ಇನ್ನೂ ನೂರ ವರ್ಷ ಕೂಡತೈತಿ ಉಕ್ಕ."

"ಹಂಗಾರ ಇದನ್ನ ಹಾಕ್ರಿ. ಅವರು ಹಾಕಿದ ಬಾಜೂದಿಂದನ."

ವೈಸಿನಿಂದ ನಳಿಗೆ ಬಿಚ್ಚಿ ತಿರುಗಿಸಿ ಮತ್ತೆ ಬಿಗಿಯುತ್ತಿದ್ದಂತೆ ಅವಳು ಬಂದು ರೈಫಲ್ಲಿನ ಬುಡ ಹಿಡಿದಳು. ಹಿಡಿಯುವ ಅಗತ್ಯವಿರಲಿಲ್ಲ, ವೈಸು ಹಿಡಿಯುತ್ತಿತ್ತು. ನಾನು ಹೇಳಲಿಲ್ಲ. ಎಡಬದಿಯಿಂದ ಕೂಡಿಸಹೋದರೆ, ಅವಳೂ ನಿಂತಿದ್ದ ಆ ಇಕ್ಕಟ್ಟಿನಲ್ಲಿ ಬಲಗೈಯಿಂದ ಸುತ್ತಿಗೆ ಎತ್ತಲು ಜಾಗ ಸಾಲಲಿಲ್ಲ. ಸುತ್ತಿಗೆಯನ್ನು ಎಡಗೈಗೆ ಬದಲಿಸಿದೆ. ಹುಟ್ಟಿದಾರಭ್ಯ ಎಡಗೈಯಲ್ಲಿ ಏಟು ಹಾಕಿದವನಲ್ಲ. ಮೊದಲ ಏಟು ನನ್ನ ಹೆಬ್ಬೆರಳಿಗೇ ಬಿತ್ತು.

"ಅವರೂ ಹಂಗ ಮಾಡ್ಕೊಂಡಿದ್ರು" ಅಂದಳು. "ಅವತ್ತ ನಾ ನಗಲಿಲ್ಲ. ಸಿಟ್ಟಿನ್ಯಾಗ ಇದ್ದೆ."

ಈ ಸಲ ನಕ್ಕಳು. ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ನಾನೂ ನಕ್ಕೆ. ಎರಡು ಹಗುರ ಏಟಿಗೆ ಕೀಲು ತನ್ನ ಹಳೆಯ ಜಾಗದಲ್ಲಿ ಕೂತಿತು. ಮುತ್ಯಾ ಕಿವಿಗೊಟ್ಟು ಕೇಳಿ, ಇನ್ನೊಂದು ಸಲ ತಟ್ಟು ಅಂದ. ತಟ್ಟಿದೆ. ಸಾಕು ಅಂದ.

ಸಂಜೆಯ ಮೋಟಾರಿಗೆ ಇನ್ನೂ ಹೊತ್ತಿತ್ತು. ನಾನು ಖಾನೆಯಿಂದ ಒಂದು ದಬ್ಬಣ ತೆಗೆದು ಅವಳ ಮುಂದೆ ಹಿಡಿದೆ, ಒಂದು ಋಣ ತೀರಲಿ ಎಂಬಂತೆ. ಅವಳು ಹೆಬ್ಬೆರಳಿನ ಮೇಲೆ ಮೊನೆ ಒತ್ತಿ ನೋಡಿ, "ಇದು ಗೋಣಿಚೀಲ ಹೊಲಿಯೂದು. ಇದರಲೆ ಕೌದಿ ಹೊಲದ್ರ ಹಾಸ್ಕೊಂಡವರ ಬೆನ್ನ ಹರೀತೈತಿ" ಎಂದು ತಿರುಗಿ ಕೊಟ್ಟಳು. ಕಂಬಳಿಯಲ್ಲಿ ಸುತ್ತಿದ ರೈಫಲ್ಲನ್ನು ಮೈದುನನ ಹೆಗಲಿಗೇರಿಸಿ, ಅವನನ್ನು ಮುಂದೆ ಬಿಟ್ಟುಕೊಂಡು ಪೇಟೆಯ ಕಡೆಗೆ ನಡೆದಳು. ಅಲ್ಲಿ ದಬ್ಬಣ ಕೊಂಡಳೋ ಇಲ್ಲವೋ ನಾನು ಕೇಳಲಿಲ್ಲ.

ಕೆಲಸ ಮುಗಿದಿತ್ತು. ಚಡಪಡಿಕೆ ಮುಗಿದಿರಲಿಲ್ಲ. ಸೋಮವಾರ ಯಾವ ಬೀಗಕ್ಕೂ ಕೈ ಹಾಕಲಾಗಲಿಲ್ಲ. ಹುಕ್ಕೇರಿಯ ಸಾಹೇಬ ಈಗ ಗುರಿ ಹಿಡಿದು ನೋಡುತ್ತಿರಬಹುದು, ಈಗ ತಲೆ ಅಲ್ಲಾಡಿಸುತ್ತಿರಬಹುದು ಎಂದು ಅಂಗಡಿಯ ಮೆಟ್ಟಿಲು ಹತ್ತಿ ಇಳಿದೆ. "ಕೂಡೋ ಮಾರಾಯಾ, ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ" ಅಂದ ಮುತ್ಯಾ. ಅವನಿಗೆ ನಾನು ಕಾಣುತ್ತಲೂ ಇರಲಿಲ್ಲ.

ಮೋಟಾರು ನಿಲ್ಲುವ ಬೇವಿನ ಗಿಡದ ಕೆಳಗೆ ಸಂಜೆ ಹೋಗಿ ನಿಂತೆ. ಸಣ್ಣಗೌಡ ಗೋಕಾಕಕ್ಕೆ ಬರುವ ಕಾರಣವೇ ಇರಲಿಲ್ಲ, ಆದರೂ ಬಂದ. ಇಳಿಯುವಾಗಲೇ ಕೈ ಎತ್ತಿದ.

"ಆತ್ರಿ. ಬಂದೂಕ ಮನೀಗ ಹೋತು. ವೈನಿ ಕೂಡ ಕಳಿಸಿ, ನಿಮಗ ಹೇಳಿ ಹೋಗಾಕ ಬಂದೆ."

"ಸಾಹೇಬ ಏನಂದ?"

"ಬಯಲಾಗ ಒಂದ ತಗಡಿನ ಬಿಂದಿಗಿ ಇಟ್ಟು ಮೂರ ಗುಂಡು ಹೊಡಿಸಿದ. ಮೂರೂ ಬಿಂದಿಗಿಗೆ ಬಡದ್ವು. ಆಮ್ಯಾಲ ಮಕ್ಕಿ ಹತ್ರ ಹಿಡಕೊಂಡ ನೋಡಿದ.  ಈ ಮೊಳಿ ಉಲ್ಟಾ ಬಾಜೂದಿಂದ ಹಾಕ್ಯಾರಲ್ಲ, ಯಾರ ಹಾಕಿದ್ದು ಅಂತ ಕೇಳಿದ."

"ನನ್ನ ಹೆಸರ ಹೇಳಿದೇನು?"

"ಇಲ್ರಿ. ನಮ್ಮಣ್ಣ ಅಂದೆ. ಎಲ್ಲದಾನ ಅಂವ, ಕರಕೊಂಡ ಬಾ ಅಂದ." ಸಣ್ಣಗೌಡ ರುಮಾಲು ತೆಗೆದು ಮುಖ ಒರೆಸಿಕೊಂಡ. "ಹೊರಗ ಕಟ್ಟಿ ಮ್ಯಾಲ ಕುಂತಿದ್ಲಲ್ಲ ವೈನಿ, ಅಲ್ಲಿಂದನ ಹೇಳಿದ್ಲು."

"ಏನಂದ್ಲು?"

"'ಊರಾಗ ಇಲ್ರಿ ಈಗ' ಅಂದ್ಲು."